ರಾಜ್ಯದ ಬೊಕ್ಕಸಕ್ಕೆ ತೆರಿಗೆ ಎಲ್ಲಿಂದ? ಬಜೆಟ್ ಪುಸ್ತಕದಲ್ಲಿ ಹುಡುಕುವ ಬಗೆ

ಬಜೆಟ್ ಮಂಡನೆಯಾದ ಮರುದಿನ ‘ರೂಪಾಯಿ ಬಂದಿದ್ದು ಹೇಗೆ’ ಎಂಬ ವೃತ್ತಾಕಾರದ ನಕ್ಷೆ (ಪೈ ಚಾರ್ಟ್) ಎಲ್ಲ ಪತ್ರಿಕೆಗಳಲ್ಲೂ ಇರುತ್ತದೆ. ತೆರಿಗೆ ಎಷ್ಟು, ಯಾರ ಜೇಬಿನಿಂದ ಎಂದು ತಿಳಿಯಲು ಅದೊಂದೇ ಸಾಲದು. ಹಣಕಾಸು ಇಲಾಖೆಯ ಜಾಲತಾಣದಲ್ಲಿ ಆಯವ್ಯಯದ ದಾಖಲೆಗಳೆಲ್ಲ ಉಚಿತವಾಗಿ ಸಿಗುತ್ತವೆ. ಕರ್ನಾಟಕದ 2025-26ರ ಬಜೆಟ್ಟನ್ನೇ ಮುಂದಿಟ್ಟುಕೊಂಡು ನೋಡೋಣ.

1. ಮೊದಲು ಸಾಲವನ್ನು ಬದಿಗಿಡಿ

ಆ ವರ್ಷದ ಒಟ್ಟು ಸ್ವೀಕೃತಿಯ ಅಂದಾಜು 4,08,647 ಕೋಟಿ ರೂಪಾಯಿ. ಇದರಲ್ಲಿ 1,16,000 ಕೋಟಿ ಸಾಲ. ಸಾಲವೂ ಅದರ ಜೊತೆಗಿನ ಸಣ್ಣ ಬಾಬತ್ತುಗಳೂ ಸೇರಿದ ಬಂಡವಾಳ ಸ್ವೀಕೃತಿಯನ್ನು ಪೂರ್ತಿ ಕಳೆದರೆ ಉಳಿಯುವುದು 2,92,477 ಕೋಟಿ; ಇದೇ ರಾಜಸ್ವ ಸ್ವೀಕೃತಿ. ಶೇಕಡಾವಾರು ಲೆಕ್ಕ ಹಾಕುವಾಗ ಭಾಗಿಸಬೇಕಾದ್ದು ಈ ಮೊತ್ತದಿಂದ. ಸಾಲ ಸೇರಿಸಿ ಭಾಗಿಸಿದರೆ ರಾಜ್ಯದ ಸ್ವಂತ ತೆರಿಗೆಯ ಪಾಲು ಶೇ 51 ಎನ್ನಿಸುತ್ತದೆ, ಸಾಲ ಬಿಟ್ಟರೆ ಶೇ 71. ಚರ್ಚೆಗಳಲ್ಲಿ ಇಬ್ಬರು ಎರಡು ಅಂಕಿ ಹೇಳಿ ಜಗಳವಾಡುವುದು ಬಹುಪಾಲು ಇದೇ ಕಾರಣಕ್ಕೆ.

2. ಉಳಿದದ್ದನ್ನು ನಾಲ್ಕು ಪಾಲು ಮಾಡಿ

ಸ್ವಂತ ತೆರಿಗೆ 2,08,100 ಕೋಟಿ, ಕೇಂದ್ರ ತೆರಿಗೆಯಲ್ಲಿ ಪಾಲು 51,877 ಕೋಟಿ, ಕೇಂದ್ರದ ಸಹಾಯಾನುದಾನ 16,000 ಕೋಟಿ, ತೆರಿಗೆಯೇತರ ಆದಾಯ 16,500 ಕೋಟಿ. ತೆರಿಗೆ ಎನ್ನಿಸಿಕೊಳ್ಳುವುದು ಮೊದಲ ಎರಡು ಮಾತ್ರ. ಅನುದಾನವನ್ನೂ ತೆರಿಗೆ ಪಾಲನ್ನೂ ಒಟ್ಟುಗೂಡಿಸಿ ‘ಕೇಂದ್ರ ಕೊಟ್ಟಿದ್ದು’ ಎನ್ನುವ ರೂಢಿ ಇದೆ. ಪಾಲು ಎಂಬುದು ಸಂವಿಧಾನದ 270ನೇ ವಿಧಿಯ ಪ್ರಕಾರ ರಾಜ್ಯಕ್ಕೆ ಸಲ್ಲಬೇಕಾದ ಹಣ. ಅದು ಯಾರ ಔದಾರ್ಯವೂ ಅಲ್ಲ.

3. ಲೆಕ್ಕ ಶೀರ್ಷಿಕೆಯ ಸಂಖ್ಯೆ ಹಿಡಿದು ಹೋಗಿ

ತೆರಿಗೆಯ ಹೆಸರು ನೋಡಿದರೆ ಎಡವುವುದೇ ಹೆಚ್ಚು, ಪುಸ್ತಕದಲ್ಲಿ ಪ್ರತಿ ಬಾಬತ್ತಿಗೂ (ಲೆಕ್ಕ ಶೀರ್ಷಿಕೆ) ಕೊಟ್ಟಿರುವ ನಾಲ್ಕಂಕಿಯ ಸಂಖ್ಯೆ ನೋಡಿ. 0006 ರಾಜ್ಯ ಜಿಎಸ್‌ಟಿ, 0030 ಮುದ್ರಾಂಕ ಮತ್ತು ನೋಂದಣಿ, 0039 ರಾಜ್ಯ ಅಬಕಾರಿ, 0040 ಮಾರಾಟ ತೆರಿಗೆ, 0041 ವಾಹನ ತೆರಿಗೆ, 0043 ವಿದ್ಯುತ್ ತೆರಿಗೆ. 0038 ಕೇಂದ್ರ ಅಬಕಾರಿ. 0039ರ ಮದ್ಯದ ಅಬಕಾರಿಗೂ ಅದಕ್ಕೂ ಸಂಬಂಧವಿಲ್ಲ. ರಾಜ್ಯದ ಪುಸ್ತಕದಲ್ಲಿ 0020 (ಕಾರ್ಪೊರೇಷನ್ ತೆರಿಗೆ), 0021 (ಆದಾಯ ತೆರಿಗೆ) ಕಂಡರೆ ಗಾಬರಿಯಾಗಬೇಡಿ. ಅಲ್ಲಿರುವುದು ಕೇಂದ್ರ ವಸೂಲಿ ಮಾಡಿದ್ದರಲ್ಲಿ ನಮ್ಮ ಪಾಲು ಮಾತ್ರ.

ಆಸ್ತಿ ತೆರಿಗೆಗಾಗಿ ಇಲ್ಲಿ ಹುಡುಕಬೇಡಿ. ಅದು ಪಾಲಿಕೆ, ಪುರಸಭೆ, ಗ್ರಾಮ ಪಂಚಾಯಿತಿಯ ಹಣ.

4. ಜಿಎಸ್‌ಟಿ ಬಿಲ್ ಒಂದನ್ನು ಬಿಡಿಸಿ ನೋಡಿ

ವಾಣಿಜ್ಯ ತೆರಿಗೆ ಇಲಾಖೆಯ ಗುರಿ 1,20,000 ಕೋಟಿ, ಅಂದರೆ ಸ್ವಂತ ತೆರಿಗೆಯಲ್ಲಿ ಶೇ 58ರಷ್ಟು. ಇದರಲ್ಲಿ ಜಿಎಸ್‌ಟಿ, ಪೆಟ್ರೋಲ್–ಡೀಸೆಲ್ ಮೇಲಿನ ಮಾರಾಟ ತೆರಿಗೆ, ವೃತ್ತಿ ತೆರಿಗೆ ಮೂರೂ ಸೇರಿವೆ. ಭಾಷಣದಲ್ಲಿ ಇಲಾಖಾವಾರು, ಪುಸ್ತಕದಲ್ಲಿ ಶೀರ್ಷಿಕೆವಾರು ಅಂಕಿ ಇರುವುದರಿಂದ ಎರಡನ್ನೂ ನೇರವಾಗಿ ಹೋಲಿಸಲು ಬರುವುದಿಲ್ಲ.

ಮೈಸೂರಿನ ಅಂಗಡಿಯಲ್ಲಿ ಶೇ 18ರ ದರದ 10,000 ರೂಪಾಯಿಯ ಸಾಮಾನು ಕೊಂಡರೆ ತೆರಿಗೆ 1,800 ರೂಪಾಯಿ. ಬಿಲ್‌ನಲ್ಲಿ ಎಸ್‌ಜಿಎಸ್‌ಟಿ (ರಾಜ್ಯ ಜಿಎಸ್‌ಟಿ) 900, ಸಿಜಿಎಸ್‌ಟಿ (ಕೇಂದ್ರ ಜಿಎಸ್‌ಟಿ) 900 ಎಂದಿರುತ್ತದೆ. ಮೊದಲ 900 ಪೂರ್ತಿ ರಾಜ್ಯದ್ದು. ಎರಡನೆಯದರಲ್ಲಿ ಶೇ 41, ಅಂದರೆ 369 ರೂಪಾಯಿ, ಎಲ್ಲ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. 15ನೇ ಹಣಕಾಸು ಆಯೋಗ 2025-26ರವರೆಗೆ ಅದರಲ್ಲಿ ಕರ್ನಾಟಕಕ್ಕೆ ಗೊತ್ತುಮಾಡಿದ್ದ ಪಾಲು ಶೇ 3.647. ಆ ಲೆಕ್ಕದಲ್ಲಿ ಕೈಗೆ ಬರುತ್ತಿದ್ದುದು ಸುಮಾರು 13 ರೂಪಾಯಿ 46 ಪೈಸೆ. 14ನೇ ಆಯೋಗದಲ್ಲಿ ಈ ಪಾಲು ಶೇ 4.713 ಇತ್ತು, ರಾಜ್ಯದ ತಕರಾರಿನ ಮೂಲ ಇಲ್ಲಿದೆ.

ಅದೇ ಸಾಮಾನನ್ನು ಚೆನ್ನೈನ ವ್ಯಾಪಾರಿಯಿಂದ ಆನ್‌ಲೈನ್‌ನಲ್ಲಿ ತರಿಸಿದರೆ ಬಿಲ್‌ನಲ್ಲಿ 1,800 ರೂಪಾಯಿ ಐಜಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ನಡೆಯುವ ವ್ಯಾಪಾರದ ಜಿಎಸ್‌ಟಿ) ಎಂದಷ್ಟೇ ಇರುತ್ತದೆ. ಹಣ ಮೊದಲು ಕೇಂದ್ರಕ್ಕೆ ಹೋಗಿ, ರಾಜ್ಯದ ಅರ್ಧ ಆಮೇಲೆ ನಮಗೇ ಬರುತ್ತದೆ, ತಮಿಳುನಾಡಿಗಲ್ಲ. ಜಿಎಸ್‌ಟಿ ಸಲ್ಲುವುದು ಮಾಲು ಬಳಕೆಯಾಗುವ ರಾಜ್ಯಕ್ಕೆ. ಹಾಗಾಗಿಯೇ ಪ್ರತಿ ತಿಂಗಳು ಸುದ್ದಿಯಾಗುವ ‘ಕರ್ನಾಟಕದ ಜಿಎಸ್‌ಟಿ ಸಂಗ್ರಹ’ವನ್ನು ರಾಜ್ಯದ ಆದಾಯ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಅದರಲ್ಲಿ ಕೇಂದ್ರದ ಭಾಗವೂ ಸೇರಿರುತ್ತದೆ. ಅದೇ ಪ್ರಕಟಣೆಯಲ್ಲಿ ಐಜಿಎಸ್‌ಟಿ ಇತ್ಯರ್ಥದ ನಂತರದ ಎಸ್‌ಜಿಎಸ್‌ಟಿ ಎಂಬ ಬೇರೆ ಕೋಷ್ಟಕ ಇರುತ್ತದೆ, ಬೇಕಾದ್ದು ಅದು.

5. ರಾಜ್ಯ ತಾನಾಗಿ ಏರಿಸಬಲ್ಲ ತೆರಿಗೆಗಳನ್ನು ಬೇರೆ ಮಾಡಿ

ಜಿಎಸ್‌ಟಿ ದರ ಬದಲಿಸಲು ಜಿಎಸ್‌ಟಿ ಮಂಡಳಿಯಲ್ಲಿ ನಾಲ್ಕನೇ ಮೂರರಷ್ಟು ಮತ ಬೇಕು. ಕೇಂದ್ರದ ಮತಕ್ಕೇ ಮೂರನೇ ಒಂದರಷ್ಟು ತೂಕ. ಅತಿ ದೊಡ್ಡ ತೆರಿಗೆಯಲ್ಲೇ ರಾಜ್ಯದ ಕೈ ಕಟ್ಟಿದೆ. ಹಣ ಸಾಲದಾದಾಗ ಬೆಲೆ ಏರುವುದು ಮದ್ಯ, ಇಂಧನ, ನೋಂದಣಿ, ವಾಹನಗಳ ಮೇಲೆಯೇ ಏಕೆ ಎಂಬುದಕ್ಕೆ ಉತ್ತರ ಇಷ್ಟೇ.

ಜೂನ್ 2024ರಲ್ಲಿ ಪೆಟ್ರೋಲ್ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ, ಡೀಸೆಲ್‌ನದ್ದು ಶೇ 14.34ರಿಂದ 18.44ಕ್ಕೆ ಏರಿತು. ಏಪ್ರಿಲ್ 2025ರಲ್ಲಿ ಡೀಸೆಲ್ ತೆರಿಗೆ ಶೇ 21.17 ಆಯಿತು. ಇದು ಬೆಲೆಯ ಮೇಲಿನ ಶೇಕಡಾವಾರು ತೆರಿಗೆ. ಮೂಲ ಬೆಲೆ ಏರಿದರೆ ದರ ಮುಟ್ಟದೆಯೂ ಆದಾಯ ಏರುತ್ತದೆ, ಇಳಿದರೆ ಇಳಿಯುತ್ತದೆ.

ಮುದ್ರಾಂಕ–ನೋಂದಣಿಯ ಗುರಿ 28,000 ಕೋಟಿ. ನಗರದಲ್ಲಿ 60 ಲಕ್ಷದ ನಿವೇಶನ ನೋಂದಾಯಿಸಿದರೆ ಶೇ 5ರ ಮುದ್ರಾಂಕ ಶುಲ್ಕ 3,00,000, ಅದರ ಮೇಲೆ ಶೇ 10ರ ಸೆಸ್ 30,000, ಶೇ 2ರ ಸರ್ಚಾರ್ಜ್ 6,000. ನೋಂದಣಿ ಶುಲ್ಕ 31 ಆಗಸ್ಟ್ 2025ರಿಂದ ಶೇ 1ರ ಬದಲು 2 ಆದ್ದರಿಂದ 1,20,000. ಒಟ್ಟು 4,56,000 ರೂಪಾಯಿ. ಆ ಜಾಗಕ್ಕೆ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಮೌಲ್ಯ ಇದಕ್ಕಿಂತ ಹೆಚ್ಚಿದ್ದರೆ ಶುಲ್ಕ ಆ ಮೌಲ್ಯದ ಮೇಲೆ. ರಿಯಲ್ ಎಸ್ಟೇಟ್ ಮಂಕಾದ ವರ್ಷ ಮೊದಲು ಹಿಂದೆ ಬೀಳುವ ಗುರಿ ಇದೇ.

ಅಬಕಾರಿಯಿಂದ 40,000 ಕೋಟಿ, ಮೋಟಾರು ವಾಹನ ತೆರಿಗೆಯಿಂದ 15,000 ಕೋಟಿ. ಮಿಕ್ಕ ಸುಮಾರು 5,000 ಕೋಟಿ ವಿದ್ಯುತ್ ತೆರಿಗೆ, ಭೂಕಂದಾಯ ಮುಂತಾದ ಬಾಬತ್ತುಗಳದ್ದು. ಸಂಬಳದಲ್ಲಿ ತಿಂಗಳಿಗೆ 200 ರೂಪಾಯಿ ಮುರಿಯುವ ವೃತ್ತಿ ತೆರಿಗೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಆದರೆ ಬೊಕ್ಕಸಕ್ಕೆ ಅದು ಸಣ್ಣದು. ಸಂವಿಧಾನವೇ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ.

6. ಕೇಂದ್ರದ ಪಾಲನ್ನು ಲೆಕ್ಕ ಹಾಕುವಾಗ

ಕೇಂದ್ರ ಹೆಚ್ಚುವರಿಯಾಗಿ ಹಾಕುವ ಸೆಸ್ ಮತ್ತು ಸರ್ಚಾರ್ಜ್ ರಾಜ್ಯಗಳ ಹಂಚಿಕೆಗೆ ಬರುವುದಿಲ್ಲ. 2025-26ರಲ್ಲಿ ಲೀಟರ್ ಪೆಟ್ರೋಲ್ ಮೇಲಿನ ಕೇಂದ್ರ ಸುಂಕದಲ್ಲಿ ಹಂಚಿಕೆಗೆ ಸಿಕ್ಕುವುದು 1.40 ರೂಪಾಯಿಯ ಮೂಲ ಅಬಕಾರಿ ಸುಂಕ ಮಾತ್ರ. ಇನ್ನೊಂದು ಎಚ್ಚರ: ಈ ಪಾಲು ವರ್ಷಕ್ಕೆ 14 ಕಂತುಗಳಲ್ಲಿ ಬರುತ್ತದೆ, ಮಾರ್ಚ್ ಒಂದರಲ್ಲೇ ಮೂರು. ಒಂದು ತಿಂಗಳ ಅಂಕಿಯನ್ನು ಹನ್ನೆರಡರಿಂದ ಗುಣಿಸಬೇಡಿ.

7. ಯಾವ ಕಾಲಂ ಎಂದು ನೋಡಿಕೊಳ್ಳಿ

ಪ್ರತಿ ಸಾಲಿನಲ್ಲಿ ನಾಲ್ಕು ಅಂಕಿಗಳಿರುತ್ತವೆ: ಎರಡು ವರ್ಷ ಹಿಂದಿನ ಲೆಕ್ಕ, ಕಳೆದ ವರ್ಷದ ಆಯವ್ಯಯ ಅಂದಾಜು, ಅದರದೇ ಪರಿಷ್ಕೃತ ಅಂದಾಜು, ಹೊಸ ವರ್ಷದ ಅಂದಾಜು. ನಿಜವಾಗಿ ಕೈಗೆ ಬಂದ ಹಣ ‘ಲೆಕ್ಕ’ ಎಂಬ ಕಾಲಂನಲ್ಲಿ ಮಾತ್ರ. ಮೇಲೆ ಕೊಟ್ಟ 2025-26ರ ಮೊತ್ತಗಳೂ ಅಂದಾಜುಗಳೇ. ಅಂದಾಜು ಎಷ್ಟು ಫಲಿಸಿತೆಂದು ನಡುವೆಯೇ ತಿಳಿಯಬೇಕಿದ್ದರೆ ಸಿಎಜಿ (ಸರ್ಕಾರಿ ಲೆಕ್ಕ ತಪಾಸಣೆ ಮಾಡುವ ಸಂವಿಧಾನಬದ್ಧ ಸಂಸ್ಥೆ) ಜಾಲತಾಣದಲ್ಲಿ ರಾಜ್ಯದ ಮಾಸಿಕ ಪ್ರಧಾನ ಸೂಚಕಗಳಿರುತ್ತವೆ. ಎಸ್‌ಜಿಎಸ್‌ಟಿ, ಮುದ್ರಾಂಕ, ಅಬಕಾರಿ ಬೇರೆ ಬೇರೆಯಾಗಿ ಕೊಟ್ಟಿರುತ್ತಾರೆ. ಅವು ಲೆಕ್ಕಪರಿಶೋಧನೆ ಆಗದ ಅಂಕಿಗಳು; ಮಾರ್ಚ್ ತಿಂಗಳಿನವು ಆಮೇಲೆ ತಿದ್ದುಪಡಿಯಾಗಬಹುದು.