ಜಂಬಿಟ್ಟಿಗೆ, ಕಾಫಿ ಮೂಟೆ, ಗೈಗರ್ ಕೌಂಟರ್: ನನ್ನ ಅನುಭವ

ಯಾವ ವಸ್ತು ಎಷ್ಟು ಗಾಮಾ (ವಸ್ತುಗಳನ್ನು ತೂರಿಹೋಗುವ ವಿಕಿರಣ) ತಡೆಯುತ್ತದೆ ಅನ್ನೋದು ಮನೆಯಲ್ಲಿ ಅಳೆಯೋ ಮಾತಲ್ಲ, ಸುಮ್ನೆ ದುಡ್ಡು ದಂಡ ಅಂದವರೇ ಜಾಸ್ತಿ. ಸೋಮವಾರಪೇಟೆಯ ನಮ್ಮ ಕಾಫಿ ಗೋಡೌನಿನಲ್ಲೇ ಅಳೆದು ಮುಗಿಸಿದ್ದೇನೆ.

ವಿಕಿರಣ ಎಣಿಸುವ ಗೈಗರ್ ಕೌಂಟರ್ ಕಿಟ್‌ಗೆ ಐದು ಸಾವಿರದ ಹತ್ತಿರ ಹೋಯಿತು. ಕೈ ಕಚ್ಚಿದ್ದು ವಿಕಿರಣದ ಮೂಲ ಹುಡುಕುವಾಗ. ತೋಟಕ್ಕೆ ತಂದ ಪೊಟ್ಯಾಷ್‌ನಲ್ಲಿ ವಿಕಿರಣ ಸೂಸುವ ಪೊಟ್ಯಾಸಿಯಂ-40 ಇದ್ದೇ ಇದೆ, ಗ್ರಾಮಿಗೆ ಸುಮಾರು 16 ಬೆಕೆರೆಲ್, ಅಂದರೆ ಸೆಕೆಂಡಿಗೆ 16 ಪರಮಾಣು ಒಡೆಯುತ್ತವೆ. ಆದರೆ ನೂರು ಒಡೆದರೆ ಹನ್ನೊಂದಕ್ಕಷ್ಟೇ ಗಾಮಾ. ಸುತ್ತಮುತ್ತಲಿಂದ ಸದಾ ಬರುವ ಹಿನ್ನೆಲೆ ಎಣಿಕೆಯಲ್ಲೇ ಅದು ಮುಳುಗಿಹೋಯಿತು. ಆಮೇಲೆ ಗ್ಯಾಸ್‌ಲೈಟ್ ಮ್ಯಾಂಟಲ್ (ದೀಪದಲ್ಲಿ ಬೆಳಗುವ ಬಲೆಚೀಲ) ತಂದೆ, ಹಳೆಯದರಲ್ಲಿ ವಿಕಿರಣ ಸೂಸುವ ಥೋರಿಯಂ ಇರುತ್ತದೆ ಅಂತ. ಮೊದಲ ಡಜನ್ ಪೂರ್ತಿ ಥೋರಿಯಂ ಇಲ್ಲದ ಮಾಲು! ಕೊನೆಗೆ ಅಂಗಡಿಯೊಂದರ ಅಟ್ಟದಲ್ಲಿ ಹಳೇ ಸ್ಟಾಕ್ ಸಿಕ್ಕಿತು. ಪ್ಯಾಕೆಟ್ ಬಿಚ್ಚಬೇಡಿ, ಪುಡಿ ಉಸಿರಿಗೆ ಹೋಗಬಾರದು.

ಮ್ಯಾಂಟಲ್‌ಗೂ ಕೌಂಟರಿಗೂ ನಡುವೆ ತೆಳ್ಳಗಿನ ಪೇಪರ್ ಕಟ್ಟು ಅಡ್ಡ ಇಟ್ಟರೂ ಎಣಿಕೆ ದಬಕ್ಕನೆ ಇಳಿಯುತ್ತದೆ. ತಡೆದದ್ದು ಗಾಮಾ ಅಲ್ಲ, ಬೀಟಾ ಅನ್ನೋ ಸುಲಭವಾಗಿ ನಿಲ್ಲುವ ವಿಕಿರಣ, ನಂಬಬೇಡಿ. 5 ಮಿ.ಮೀ. ಅಲ್ಯೂಮಿನಿಯಂ ಇಟ್ಟ ಮೇಲೆಯೇ ಮುಂದಿನ ಮಾತು. ಆಗ ಉಳಿಯೋದು ಬಹಳ ಕಮ್ಮಿ. ನೂರು ಎಣಿಕೆಗೆ ಶೇಕಡಾ 10 ಏರುಪೇರು, ಹತ್ತು ಸಾವಿರಕ್ಕೆ 1. ಹಾಗಾಗಿ ರಾತ್ರಿಯಿಡೀ ಓಡಿಸಲೇಬೇಕು. ನಮ್ಮ ಕರೆಂಟು ಬಿಡಬೇಕಲ್ಲ! ಹಳೇ ಬೈಕ್ ಬ್ಯಾಟರಿ ಕಟ್ಟಿದೆ.

ಮಳೆಗಾಲದಲ್ಲಿ ಇನ್ನೊಂದು ಕಾಟ. ಜೋರು ಮಳೆ ಬಂದರೆ ಹಿನ್ನೆಲೆಯೇ ಏರುತ್ತದೆ, ಗಾಳಿಯಲ್ಲಿರುವ ರೇಡಾನ್ ಅನಿಲ ಒಡೆದು ಹುಟ್ಟಿದ ಮರಿಗಳು ನೀರಿನ ಜೊತೆ ಕೆಳಗಿಳಿಯುತ್ತವೆ. ಜೀಪಿನ ಬಾನೆಟ್ ಒರೆಸಿದ ಟಿಶ್ಯೂವನ್ನು ಕೌಂಟರಿನ ಟ್ಯೂಬಿಗೆ ಹಿಡಿದು ನೋಡಿ. ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಎಣಿಕೆ ಅರ್ಧಕ್ಕೆ ಬರುತ್ತದೆ. ಚೆನ್ನಾಗಿರುತ್ತದೆ, ಆದರೆ ನಮ್ಮ ಕೆಲಸ ಕೆಡಿಸುತ್ತದೆ.

ಜಾಸ್ತಿ ಸತಾಯಿಸಿದ್ದು ಜಂಬಿಟ್ಟಿಗೆ. ಎರಡು ಇಟ್ಟ ಮೇಲೆ ಮೂರನೆಯದಕ್ಕೆ ಎಣಿಕೆ ಇಳಿಯಲೇ ಇಲ್ಲ. ಇಟ್ಟಿಗೆಯೊಳಗೇ ಯುರೇನಿಯಂ, ಥೋರಿಯಂ ಚೂರುಪಾರು ಇರುತ್ತದೆ, ಅಲ್ವಾ? ಮ್ಯಾಂಟಲ್ ತೆಗೆದು ಬರೀ ಇಟ್ಟಿಗೆ ಎಣಿಸಿ ಕಳೆದೆ, ದಾರಿಗೆ ಬಂತು.

ನೆನಪಿನಿಂದ ಹೇಳ್ತೇನೆ: ಎಣಿಕೆ ಅರ್ಧವಾಗಲು ಜಂಬಿಟ್ಟಿಗೆ 5-6 ಸೆಂ.ಮೀ., ನೀರು 10-11, ಕಬ್ಬಿಣ ಒಂದೂವರೆ, ಪಾರ್ಚ್‌ಮೆಂಟ್ ಕಾಫಿ (ಒಳಸಿಪ್ಪೆ ಉಳಿದ ಒಣಗಿದ ಬೀಜ) 27ರ ಆಸುಪಾಸು. ಎಲ್ಲವನ್ನೂ ತೂಗಿ ನೋಡಿ, ಅಷ್ಟು ದಪ್ಪಕ್ಕೆ ಚದರ ಸೆಂಟಿಮೀಟರಿಗೆ ಹೆಚ್ಚೂಕಮ್ಮಿ 11 ಗ್ರಾಂ. ಏನಿಟ್ಟಿರಿ ಅನ್ನೋದಕ್ಕಿಂತ ಎಷ್ಟು ತೂಕ ಇಟ್ಟಿರಿ ಅನ್ನೋದೇ ಲೆಕ್ಕ. ಸೀಸ ಮಾತ್ರ ತೂಕಕ್ಕೆ ತೂಕ ಇಟ್ಟರೂ ಮುಂದೆ, ಕಡಿಮೆ ಶಕ್ತಿಯ ಗಾಮಾವನ್ನು ಬೇಗ ನುಂಗುತ್ತದೆ.

 ಬೇಡದ ಮ್ಯಾಂಟಲ್ ಸೇರಿಸಿಯೂ ಒಟ್ಟು ಖರ್ಚು ಒಂಬತ್ತು ಸಾವಿರ ದಾಟಿಲ್ಲ.