ಹವಳದ ಅಕ್ವೇರಿಯಂನಲ್ಲಿ ಹಳದಿ ರ‍್ಯಾಸ್ ಸಾಕುವ ಬಗೆ

ರ‍್ಯಾಸ್ ಒಂದು ಬಗೆಯ ಸಮುದ್ರ ಮೀನು. ಮೀನು ತರುವ ಮೊದಲೇ ಟ್ಯಾಂಕಿಗೆ ಮುಚ್ಚಳ ಮಾಡಿಸಿ. ಬೆದರಿದ ರ‍್ಯಾಸ್ ನೇರ ಮೇಲಕ್ಕೆ ಚಿಮ್ಮುತ್ತದೆ. ವಯರ್ ಹೋಗುವ ಸಂದಿ ಸಿಕ್ಕರೂ ಸಾಕು, ಬೆಳಿಗ್ಗೆ ನೆಲದ ಮೇಲೆ ಬಿದ್ದಿರುತ್ತದೆ. 6 ಮಿ.ಮೀ. ಕಣ್ಣಿನ ಬಲೆಯನ್ನು ಚೌಕಟ್ಟಿಗೆ ಬಿಗಿದು ಹಾಕಿದರೆ ಗಾಳಿಯೂ ಆಡುತ್ತದೆ.

ಹಳದಿ ರ‍್ಯಾಸ್ ರಾತ್ರಿ ಮರಳಿನೊಳಗೆ ಹುದುಗಿ ಮಲಗುವ ಮೀನು. ಕನಿಷ್ಠ 5 ಸೆಂ.ಮೀ. ನಯವಾದ ಮರಳು ಬೇಕು. ಒರಟು ಹವಳದ ಚೂರಾದರೆ ಮೈ ತರಚಿ ಹುಣ್ಣಾಗುತ್ತದೆ. ಬಂಡೆಗಳನ್ನು ಮರಳಿನ ಮೇಲಲ್ಲ, ಗಾಜಿನ ತಳದ ಮೇಲೇ ಕೂರಿಸಿ, ಆಮೇಲೆ ಮರಳು ಸುರಿಯಿರಿ. ಹೊಸ ಮೀನು ಬಿಟ್ಟ ಕೂಡಲೇ ಮರಳಿಗಿಳಿದು ಕೆಲವು ದಿನ ಕಾಣದಿರಬಹುದು. ಕೆದಕಿ ಹುಡುಕಬೇಡಿ. ಇನ್ನೊಂದು ಜಾತಿಯಾದ ಫೇರಿ ರ‍್ಯಾಸ್‌ಗೆ ಈ ಮರಳಿನ ಗೊಡವೆ ಇಲ್ಲ. ಬಂಡೆಯ ಸಂದಿಯಲ್ಲಿ ಲೋಳೆಯ ಹೊದಿಕೆಯೊಳಗೆ ಮಲಗುತ್ತದೆ.

ನೀರಿನ ಉಷ್ಣತೆ 25–26 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಸಾಂದ್ರತೆ (ನೀರಿನ ಉಪ್ಪಿನಂಶ ತಿಳಿಸುವ ಅಳತೆ) 1.025. ಮೈಸಿಸ್ ಎಂಬ ಸೀಗಡಿಯಂಥ ಪುಟ್ಟ ಜೀವಿಯನ್ನು ದಿನಕ್ಕೆ ಎರಡು-ಮೂರು ಸಲ ಸ್ವಲ್ಪ ಸ್ವಲ್ಪವೇ ಕೊಡಿ. ಸಾಲದಿದ್ದರೆ ಹೊಟ್ಟೆ ಒಳಸೇರುತ್ತದೆ. ಹಳದಿ ರ‍್ಯಾಸ್ ಹವಳದ ತಂಟೆಗೆ ಹೋಗುವುದಿಲ್ಲ, ಆದರೆ ಪುಟ್ಟ ಸೀಗಡಿ, ಹುಳುಗಳನ್ನು ಬಿಡುವುದಿಲ್ಲ.

ಸಿಕ್ಸ್‌ಲೈನ್ ರ‍್ಯಾಸ್ ಎಂಬ ಇನ್ನೊಂದು ಜಾತಿಯ ಆಸೆಯಿದ್ದರೆ ಎಲ್ಲಕ್ಕಿಂತ ಕೊನೆಗೆ ಬಿಡಿ. ಮೊದಲೇ ನೆಲೆಯೂರಿದರೆ ಆಮೇಲೆ ಬಂದವರನ್ನೆಲ್ಲ ಅಟ್ಟಾಡಿಸುತ್ತದೆ. ಚಿಕ್ಕ ಟ್ಯಾಂಕಾದರೆ ಅದರ ಸಹವಾಸವೇ ಬೇಡ.