ಲಗೋರಿ ಆಡಿಸಿ ಲ್ಯಾಕ್ರೋಸ್ ಕಲಿಸಿದ ನನ್ನ ಅನುಭವ

ಹತ್ತು ವರ್ಷದೊಳಗಿನ ಹುಡುಗಿಯರಿಗೆ ಮೊದಲ ಮೂರ್ನಾಲ್ಕು ವಾರ ಪಾಸ್ ಕಲಿಸಲೇಬಾರದು ಎಂದು ನಾನು ಹೇಳಿದಾಗ, ನಮ್ಮ ಕೌಂಟಿಯ ತರಬೇತುದಾರರ ಸಭೆಯಲ್ಲಿ ಒಬ್ಬರೂ ಹೂಂಗುಟ್ಟಲಿಲ್ಲ. ಈಗ ಅವರಲ್ಲೇ ಇಬ್ಬರು ನನ್ನ ಅಭ್ಯಾಸದ ದಿನ ಬಂದು, ಬೇಲಿಯ ಪಕ್ಕ ನಿಂತು, ಟಿಪ್ಪಣಿ ಬರೆದುಕೊಂಡು ಹೋಗಿದ್ದಾರೆ. ಬರೆಯುವ ಧೈರ್ಯ ಬಂದದ್ದು ಆಮೇಲೆಯೇ. ತುದಿಯಲ್ಲಿ ಬಲೆಯಿರುವ ಕೋಲಿನಿಂದ, ಅಂದರೆ ಸ್ಟಿಕ್ಕಿನಿಂದ, ಚೆಂಡನ್ನು ಎತ್ತಿ, ಹೊತ್ತು ಓಡಿ, ಎಸೆದು ಗೋಲು ಹೊಡೆಯುವ ಆಟ ಲ್ಯಾಕ್ರೋಸ್. ಅದಕ್ಕಿಂತ ಹೆಚ್ಚಿನ ಪಾಠಕ್ಕೆ ಇಲ್ಲಿ ಜಾಗವಿಲ್ಲ.

ನಾವಿರುವುದು ಮೇರಿಲ್ಯಾಂಡಿನಲ್ಲಿ. ಇಲ್ಲಿ ಲ್ಯಾಕ್ರೋಸ್ 2004ರಿಂದ ರಾಜ್ಯದ ಅಧಿಕೃತ ತಂಡ ಕ್ರೀಡೆ. ಅಮೆರಿಕದ ಹುಡುಗಿಯರ ಮೊದಲ ತಂಡವನ್ನು ರೋಸಬೆಲ್ ಸಿಂಕ್ಲೇರ್ 1926ರಲ್ಲಿ ಕಟ್ಟಿದ್ದು ಬಾಲ್ಟಿಮೋರಿನ ಬ್ರಿನ್ ಮಾರ್ ಶಾಲೆಯಲ್ಲಿ. ಅಜ್ಜಿ, ತಾಯಿ, ಮಗಳು ಮೂವರೂ ಸ್ಟಿಕ್ ಹಿಡಿದ ಮನೆಗಳು ನಮ್ಮ ಬೀದಿಯಲ್ಲೇ ಇವೆ. ಅಂಥವರ ಮಕ್ಕಳಿಗೆ, ಶಿವಮೊಗ್ಗದಲ್ಲಿ ನಾಲ್ಕನೇ ತರಗತಿ ಮುಗಿಸಿ ಬಂದವಳೊಬ್ಬಳು ಆಟ ಕಲಿಸುತ್ತೇನೆ ಎಂದರೆ ಅನುಮಾನ ಬರದೆ ಇರುತ್ತದೆಯೇ? ನಾನು ಆಡುವುದೂ ಕಾಲೇಜಿನ ಕ್ಲಬ್ ತಂಡಕ್ಕೆ, ವಿದ್ಯಾರ್ಥಿವೇತನದ ತಂಡಕ್ಕಲ್ಲ. ಆದರೆ ಆಟ ಆರಂಭಿಸಲು ಇಬ್ಬರ ಸ್ಟಿಕ್ಕುಗಳ ನಡುವೆ ಚೆಂಡಿಟ್ಟು ಸೆಣಸುವ ಡ್ರಾಗೆ ನಿಲ್ಲುವವಳು ನಾನೇ, ನಮ್ಮ ವಿಭಾಗದಲ್ಲಿ ನನ್ನೆದುರು ನಿಲ್ಲಲು ಹಿಂಜರಿಯುವವರಿದ್ದಾರೆ ಎಂಬುದನ್ನೂ ಹೇಳಿಬಿಡುತ್ತೇನೆ.

ಮಕ್ಕಳಿಗೆ ಕಲಿಸಲು ಹೋದದ್ದಕ್ಕೆ ಕಾರಣ ಒಂದು ಋಣ. ಹೈಸ್ಕೂಲಿನಲ್ಲಿ ಸ್ಟಿಕ್ ಕೊಳ್ಳಲು ಮನೆಯಲ್ಲಿ ಹಣ ಕೇಳುವುದಕ್ಕೆ ನನಗೆ ಸಂಕೋಚವಿತ್ತು. ಹನ್ನೆರಡನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಹಳೆಯದನ್ನು ಕೊಟ್ಟು, ಒಂದು ಇಡೀ ಚಳಿಗಾಲ ಜಿಮ್ಮಿನ ಗೋಡೆಗೆ ಚೆಂಡೆಸೆದು ಹಿಡಿಯುವ ವಾಲ್ ಬಾಲ್ ಆಡಿಸಿದಳು. ಕಾಸು ಕೇಳಲಿಲ್ಲ. ನಾನೂ ಕೇಳುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಮೊದಲ ವರ್ಷ ಎಲ್ಲರಂತೆ ನಾನೂ ಎರಡು ಸಾಲು ನಿಲ್ಲಿಸಿ ಪಾಸ್ ಮಾಡಿಸಿದೆ. ಒಬ್ಬಳು ಎಸೆಯುತ್ತಾಳೆ, ಎದುರಿನವಳು ಹಿಡಿಯುವುದಿಲ್ಲ, ಚೆಂಡು ಪಾರ್ಕಿಂಗ್ ಕಡೆ ಉರುಳುತ್ತದೆ, ಅವಳು ಹಿಂದೆ ಓಡುತ್ತಾಳೆ, ಉಳಿದವರು ಹುಲ್ಲು ಕೀಳುತ್ತಾ ನಿಲ್ಲುತ್ತಾರೆ. ಒಂದು ಗಂಟೆಯಲ್ಲಿ ಒಂದು ಮಗುವಿಗೆ ಚೆಂಡು ಸಿಗುವುದು ಹೆಚ್ಚೆಂದರೆ ಹತ್ತು ಹದಿನೈದು ಸಲ. ಪಂದ್ಯದ ದಿನ ಚೆಂಡು ಗಾಳಿಯಲ್ಲಿರುವುದಕ್ಕಿಂತ ನೆಲದ ಮೇಲಿರುವುದೇ ಹೆಚ್ಚು. ನೆಲದ ಚೆಂಡನ್ನು ಮೊದಲು ಎತ್ತಿದವರದೇ ಆಟ. ಹಾಗಿದ್ದರೆ ಅದನ್ನಲ್ಲವೇ ಮೊದಲು ಕಲಿಸಬೇಕಾದದ್ದು?

ಲಗೋರಿ ನೆನಪಾದದ್ದು ಆಗ. ಒಬ್ಬಳು ಸ್ಟಿಕ್ಕಿನಿಂದ ಚೆಂಡೆಸೆದು ಅಟ್ಟಿ ಬೀಳಿಸುತ್ತಾಳೆ. ಅವಳ ತಂಡ ಒಂದು ಕೈಯಲ್ಲಿ ಸ್ಟಿಕ್ ಹಿಡಿದೇ ಇನ್ನೊಂದು ಕೈಯಿಂದ ಬಿಲ್ಲೆ ಜೋಡಿಸಬೇಕು. ಎದುರಾಳಿಗಳು ಚೆಂಡನ್ನು ನೆಲದಿಂದ ಎತ್ತಿ, ಬೀಳಿಸದೆ ಓಡಿ ಬಂದು, ಸುತ್ತ ಎಳೆದ ವೃತ್ತದೊಳಗೆ ಕಾಲಿಡಬೇಕು. ಚೆಂಡಿನಿಂದ ಬೆನ್ನಿಗೆ ಹೊಡೆಯುವ ಭಾಗ ಸಂಪೂರ್ಣ ರದ್ದು. ನಿಂತಲ್ಲೇ ನಿಂತು, ಸಾರು ಬಡಿಸುವ ಸೌಟಿನಂತೆ ಸ್ಟಿಕ್ ಅದ್ದಿ ಎತ್ತಲು ಹೋದವಳ ಚೆಂಡು ಮುಂದಕ್ಕೆ ಜಾರುತ್ತದೆ, ಅಷ್ಟರಲ್ಲಿ ಅತ್ತ ಎರಡು ಬಿಲ್ಲೆ ಏರಿರುತ್ತವೆ. ಕೆಳಗಿನ ಕೈಯ ಗೆಣ್ಣು ಹುಲ್ಲಿಗೆ ತಾಗುವಷ್ಟು ಬಗ್ಗಿ, ಓಟ ನಿಲ್ಲಿಸದೆ ಎತ್ತಿದವಳು ಗೆಲ್ಲುತ್ತಾಳೆ. ‘ಬಗ್ಗು, ಓಡು’ ಎಂದು ನಾನು ಗಂಟಲು ಹರಿದುಕೊಳ್ಳುವುದು ಎರಡನೆಯ ವಾರಕ್ಕೇ ನಿಂತಿತು.

ಅಟ್ಟಿಗೆ ಏನು ಬಳಸುವುದೆಂಬುದೇ ದೊಡ್ಡ ತಲೆನೋವಾಯಿತು. ಪ್ಲಾಸ್ಟಿಕ್ ಕೋನುಗಳು ಮಾರ್ಚ್ ತಿಂಗಳ ಗಾಳಿಗೆ ತಾವಾಗಿಯೇ ಬಿದ್ದವು. ಚಪ್ಪಟೆ ಕಲ್ಲಿಟ್ಟರೆ ಚೆಂಡು ಎಲ್ಲೆಂದರಲ್ಲಿ ಪುಟಿಯಿತು. ಕೊನೆಗೆ ಅಪ್ಪ ಗ್ಯಾರೇಜಿನಲ್ಲಿ ನಾಲ್ಕಿಂಚು ಚೌಕದ ಮರದ ಕಂಬವನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದು, ಅಂಚು ಉಜ್ಜಿ ಕೊಟ್ಟರು. ಕಂಬಕ್ಕೆ ಹದಿನೈದು ಡಾಲರಿನ ಒಳಗೇ ಆಯಿತು. ಅಮ್ಮನ ಮಾತು ಬೇರೆ: “ಊರ ಮಕ್ಕಳಿಗೆ ಲಗೋರಿ ಆಡಿಸುವುದಕ್ಕಾ ನಿನಗೆ ಇಷ್ಟು ಫೀಸು ಕಟ್ಟಿದ್ದು? ಪ್ರಾಜೆಕ್ಟ್ ಯಾವಾಗ ಮುಗಿಸುತ್ತೀಯೇ?”

ಚೆಂಡಿನ ಕಥೆ ಇನ್ನೂ ದೊಡ್ಡದು. ನಿಜವಾದ ಚೆಂಡು ಗಟ್ಟಿ ರಬ್ಬರು, ಸುಮಾರು 145 ಗ್ರಾಂ. ಮಕ್ಕಳು ಬಗ್ಗಿ ಬಿಲ್ಲೆ ಜೋಡಿಸುವಾಗ ಅದನ್ನು ಎಸೆಯಲು ಬಿಡಲಾರೆ, ಗಾಗಲ್ಸ್, ಮೌತ್‌ಗಾರ್ಡ್ ಇದ್ದರೂ ಸರಿಯೇ. ಟೆನಿಸ್ ಚೆಂಡು 58 ಗ್ರಾಮಿನ ಆಸುಪಾಸು. ಹುಡುಗಿಯರ ಸ್ಟಿಕ್ಕಿನಲ್ಲಿ ಚೆಂಡು ಕೂರುವ ಬಲೆಯ ಚೀಲ, ಅಂದರೆ ಪಾಕೆಟ್, ಮೊದಲೇ ಆಳವಿಲ್ಲದ್ದು, ಚೆಂಡಿನ ನೆತ್ತಿ ಪಕ್ಕದ ಅಂಚಿನ ಮೇಲೆ ಕಾಣಲೇಬೇಕೆಂಬ ನಿಯಮ ಬೇರೆ. ಹಗುರ ಚೆಂಡು ಅದರಲ್ಲಿ ಕೂರದೆ ಹಾರುತ್ತದೆ. ಮಾರುಕಟ್ಟೆಯ ಮೆದು ಚೆಂಡುಗಳನ್ನು ಇಪ್ಪತ್ತರಷ್ಟು ಕೊಳ್ಳಲು ನನ್ನ ಕೈಯಲ್ಲಿ ಕಾಸಿರಲಿಲ್ಲ. ಹಳೆಯ ಟೆನಿಸ್ ಚೆಂಡಿಗೆ ಸೀಳು ಹಾಕಿ ಅಕ್ಕಿ ತುಂಬಿದೆ. ಒಂದು ಮಳೆಗೆ ನೆನೆದು ಕಾರಿನ ಡಿಕ್ಕಿಯೆಲ್ಲ ಹುಳಿ ವಾಸನೆ. ರಾಗಿ ತುಂಬಿದರೆ ಸೀಳಿನಿಂದ ಸೋರಿತು. ಈಗ ತುಂಬುತ್ತಿರುವುದು ಏನೆಂದು ಇಲ್ಲಿ ಹೇಳುವುದಿಲ್ಲ. ಅಡುಗೆಮನೆಯದಲ್ಲ, ನೀರಿಗೆ ಜಗ್ಗುವುದಿಲ್ಲ, ಒಂದು ಚೆಂಡಿಗೆ ಅರ್ಧ ಡಾಲರ್ ಸಾಕು ಎಂಬಷ್ಟು ಸುಳಿವು ಕೊಡುತ್ತೇನೆ.

ರಕ್ಷಣೆಗೆ ಖೋ-ಖೋ. ಈ ವಯಸ್ಸಿನಲ್ಲಿ ಎದುರಾಳಿಯ ಸ್ಟಿಕ್ಕಿಗೆ ಹೊಡೆಯುವಂತಿಲ್ಲ, ಮೈ ತಾಗಿಸುವಂತೆಯೂ ಇಲ್ಲ. ಉಳಿದದ್ದು ಕಾಲು ಮಾತ್ರ. ಎಂಟು ಮಕ್ಕಳನ್ನು ಕೂರಿಸಿ ಆಡಿಸಿದೆ, ಆಮೇಲೆ ನಿಂತೇ ಆಡಿಸಿದೆ. ಒಬ್ಬಳನ್ನು ದಾಟಿಕೊಂಡು ಎದುರಾಳಿ ನುಗ್ಗಿದರೆ ಪಕ್ಕದವಳಿಗೆ ‘ಖೋ’ ಕೊಡಬೇಕು, ಅವಳು ಎದ್ದು ಅಡ್ಡ ಹೋಗಬೇಕು. ಮೈದಾನದಲ್ಲಿ ಬಾಯಿ ಬಿಡದಿದ್ದ ಮಕ್ಕಳು ಕಿರುಚತೊಡಗಿದರು. ಪಂದ್ಯದಲ್ಲಿ ಹೊಂಬಣ್ಣದ ಜಡೆಯ ಹುಡುಗಿಯರು ‘ಖೋ, ಖೋ’ ಎಂದು ಕೂಗುವುದನ್ನು ಕೇಳಿ ರೆಫರಿ ಒಮ್ಮೆ ನನ್ನತ್ತ ತಿರುಗಿ ನೋಡಿದರು. ಕಬಡ್ಡಿಯನ್ನೂ ಪ್ರಯತ್ನಿಸಿದೆ: ಉಸಿರು ಕಟ್ಟಿ, ಕ್ರೇಡಲ್ ಮಾಡುತ್ತಾ (ಚೆಂಡು ಬೀಳದಂತೆ ಸ್ಟಿಕ್ಕನ್ನು ತೊಟ್ಟಿಲಿನಂತೆ ತೂಗುತ್ತಾ) ಎದುರಿನ ಅಂಗಳಕ್ಕೆ ಹೋಗಿ ಬರುವುದು. ಮಕ್ಕಳಿಗೆ ಬಲು ಖುಷಿ, ಆದರೆ ಕಾಲು ಹಿಡಿದು ಎಳೆಯುವ ಚಟ ಅಂಟಿಕೊಂಡಿತು. ಒಂದೇ ಸಂಜೆಗೆ ಅದಕ್ಕೆ ಮಂಗಳ ಹಾಡಿದೆ.

ಖರ್ಚಿನ ಮಾತು. ನೋಂದಣಿಗೆ ನೂರೈವತ್ತು ಡಾಲರಿನ ಮೇಲೆ, ಕಲಿಯುವವರ ಸ್ಟಿಕ್ಕಿಗೆ ಐವತ್ತು, ಗಾಗಲ್ಸಿಗೆ ಮೂವತ್ತೋ ನಲವತ್ತೋ. ಇಬ್ಬರು ಮಕ್ಕಳಿರುವ ಮನೆಯವರು ಅಲ್ಲಿಗೇ ಹಿಂದೆ ಸರಿಯುತ್ತಾರೆ. ನಮ್ಮ ಕನ್ನಡ ಮನೆಗಳಲ್ಲಂತೂ “ಈ ದುಡ್ಡಿಗೆ ಭರತನಾಟ್ಯವೇ ಆಗುತ್ತಿತ್ತಲ್ಲ” ಎಂಬ ಮಾತು ಖಂಡಿತ ಬರುತ್ತದೆ. ನಾನು ಶನಿವಾರದ ಗ್ಯಾರೇಜ್ ಮಾರಾಟಗಳಲ್ಲಿ ಐದು, ಎಂಟು ಡಾಲರಿಗೆ ಹಳೆಯ ಸ್ಟಿಕ್ ಹೆಕ್ಕಿ, ಬಲೆ ಬಿಚ್ಚಿ, ಹೊಸ ಮೆಶ್ ಕಟ್ಟಿ ಕೊಡುತ್ತೇನೆ. ಹುಡುಗರ ಸ್ಟಿಕ್ಕಿನ ಹೆಡ್ (ಬಲೆ ಕಟ್ಟುವ ಚೌಕಟ್ಟು) ಅಗ್ಗವಾಗಿ ಸಿಕ್ಕರೂ ಮುಟ್ಟಬೇಡಿ, ನಮ್ಮ ಆಟದಲ್ಲಿ ಅದಕ್ಕೆ ಅನುಮತಿಯಿಲ್ಲ. ಒಂದು ಡಜನ್ನಿಗೂ ಹೆಚ್ಚು ಸ್ಟಿಕ್ ಹೀಗೆ ಕಟ್ಟಿದ್ದೇನೆ. ನನ್ನ ಗಂಟು ಎಲ್ಲಿ ಬೀಳುತ್ತದೆ ಎಂಬುದು ನನ್ನಲ್ಲೇ ಇರಲಿ.

ಫಲಿತಾಂಶ ಕೇಳುವವರಿಗೆ ನೆನಪಿನ ಲೆಕ್ಕ: ಮೊದಲ ವರ್ಷ ನೆಲದ ಚೆಂಡುಗಳಲ್ಲಿ ನಮಗೆ ದಕ್ಕುತ್ತಿದ್ದುದು ಮೂರರಲ್ಲಿ ಒಂದು. ಕಳೆದ ವಸಂತದಲ್ಲಿ ಅರ್ಧಕ್ಕೂ ಮಿಗಿಲು. ಗೆದ್ದ ಪಂದ್ಯಗಳು ಸೋತವಕ್ಕಿಂತ ಹೆಚ್ಚು. ಐದನೆಯ ವಾರದಲ್ಲಿ ಪಾಸ್ ಆರಂಭಿಸಿದರೂ ಉಳಿದ ತಂಡಗಳಿಗಿಂತ ಬಹಳ ಹಿಂದೇನೂ ಬೀಳಲಿಲ್ಲ. “ಆಟ ಆಡಿಸಿದರೆ ಆಟ ಬರುವುದಿಲ್ಲ” ಎಂದಿದ್ದ ಹಿರಿಯ ತರಬೇತುದಾರರು ಮೊನ್ನೆ ಮರದ ಬಿಲ್ಲೆಗಳ ಅಳತೆ ಕೇಳಿದರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಬರುತ್ತಿರುವ, ಲ್ಯಾಕ್ರೋಸಿನ ಕಿರು ರೂಪವಾದ ಸಿಕ್ಸಸ್ ಆಟವನ್ನೂ ಅವರಿಗೆ ತೋರಿಸಿದೆ. ಒಂದೊಂದು ತಂಡಕ್ಕೆ ಆರೇ ಜನ, ಸಣ್ಣ ಮೈದಾನ, 30 ಸೆಕೆಂಡಿನೊಳಗೆ ಗೋಲಿಗೆ ಎಸೆಯಬೇಕೆಂಬ ಗಡಿಯಾರ. ಅಲ್ಲಿ ನಿಂತು ಚೆಂಡೆತ್ತಲು ಪುರುಸೊತ್ತೆಲ್ಲಿದೆ?

ಲಗೋರಿಯಿಂದ ಬಾರದ್ದೊಂದು ಇದೆ: ಎಡಗೈ. ಅವಸರದಲ್ಲಿ ಎಲ್ಲರೂ ಬಲಕ್ಕೇ ತಿರುಗುತ್ತಾರೆ. ಎಡಗೈಯಲ್ಲಿ ಎತ್ತಿದರೆ ಅಟ್ಟಿಯಿಂದ ಒಂದು ಬಿಲ್ಲೆ ತೆಗೆದು ಹಾಕುವ ಹಕ್ಕು ಎಂದು ನಿಯಮ ಮಾಡಿ ನೋಡಿದೆ. ಇಬ್ಬರು ಚುರುಕು ಹುಡುಗಿಯರು ಅದನ್ನೇ ಬಂಡವಾಳ ಮಾಡಿಕೊಂಡರು, ಉಳಿದವರು ಆಸೆಯನ್ನೇ ಬಿಟ್ಟರು. ಸದ್ಯಕ್ಕೆ ಎಡಗೈಗೆ ಗೋಡೆಯೇ ಗತಿ. ಮನೆಗೆಲಸವೆಂದು ದಿನಕ್ಕೆ ಐವತ್ತು ವಾಲ್ ಬಾಲ್ ಕೊಟ್ಟಿದ್ದೇನೆ. ಮಾಡುವವರು ಅರ್ಧದಷ್ಟು ಇದ್ದಾರೆ.